ಪಟ್ಟಿ ಎಷ್ಟು ಬಿತ್ತು?

ದೋಸ್ತರೆಲ್ಲ ಸೇರಿ ಎಲ್ಲಿಗಾದರೂ ಹೋಗೋಣ ಅಂತ ತೀರ್ಮಾನವಾದ ಐದೇ ನಿಮಿಷಕ್ಕೆ ಒಂದು ಪ್ರಶ್ನೆ ಬರುತ್ತದೆ: ತಲೆಗೆ ಎಷ್ಟು? ನಮ್ಮ ರಾಯಚೂರು ಕಡೆ ಇದನ್ನೇ "ಪಟ್ಟಿ ಎಷ್ಟು ಬೀಳ್ತದ?" ಅಂತ ಕೇಳ್ತೀವಿ. ಒಟ್ಟು ಖರ್ಚನ್ನು ಜನರ ಸಂಖ್ಯೆಯಿಂದ ಭಾಗಿಸೋದು, ಬಂದ ಉತ್ತರವನ್ನು ಎಲ್ಲರೂ ಕೊಡೋದು. ಯಾರಿಗೂ ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಡಿಮೆಯಿಲ್ಲ. ಇದಕ್ಕಿಂತ ನ್ಯಾಯವಾದ ಲೆಕ್ಕ ಇನ್ನೊಂದಿದೆಯಾ ಅಂತ ನಮಗೆ ಅನುಮಾನವೇ ಬರೋದಿಲ್ಲ.

ಆ ಅನುಮಾನ ಬರಬೇಕು ಅನ್ನೋದು ನನ್ನ ವಾದ. ಸಮಪಾಲು ಅನ್ನೋದು ನಾವು ಅಂದುಕೊಂಡಷ್ಟು ಸಮಾನವಲ್ಲ. ಹಾಗಂತ "ನಿನ್ನ ಪಾಲು ನಾನು ಕೊಡ್ತೀನಿ ಬಿಡು" ಅನ್ನೋ ದೊಡ್ಡತನವೂ ಅದಕ್ಕೆ ಮದ್ದಲ್ಲ. ಹಾಗಾದರೆ ಏನು ಸರಿ? 2024ರ ಮೈಸೂರು ದಸರೆಗೆ ಹೋಗೋಣ ಅಂತ ನಾವು ನಾಲ್ಕು ಜನ ಪ್ಲಾನ್ ಮಾಡುವಾಗ ಈ ಪ್ರಶ್ನೆ ಎದ್ದಿತ್ತು. ಹೋಗಿ ಬಂದದ್ದನ್ನು ಇಲ್ಲಿ ಬರೆಯೋದಿಲ್ಲ. ದಸರಾ ನೀವೂ ನೋಡಿರ್ತೀರಿ, ಟಿವಿಯಲ್ಲಾದರೂ ನೋಡಿರ್ತೀರಿ. ಬರೆಯಬೇಕಾದ್ದು ಹೋಗೋದಕ್ಕೆ ಮುಂಚಿನ ಎರಡು ತಿಂಗಳ ಬಗ್ಗೆ.

ನಾಲ್ಕೂ ಜನ ಪಿಯುಸಿಯಲ್ಲಿ ಒಂದೇ ಬೆಂಚಿನ ಹಿಂದೆ ಮುಂದೆ ಕೂತವರು. ಸಿಂಧನೂರಿನವ ಈಗ ಅಲ್ಲೇ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ನೋಡ್ಕೋತಾನೆ, ಜೊತೆಗೆ ತನ್ನದೇ ಸಣ್ಣ ವ್ಯಾಪಾರವೂ ಇದೆ. ಲಿಂಗಸುಗೂರಿನವಳು ಟೀಚರ್. ಮಸ್ಕಿಯವ ಒಕ್ಕಲುತನ ಮಾಡ್ತಾನೆ. ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರೋನು. ಟೀಚರ್ ಜೊತೆ ಅವಳ ಯಜಮಾನರು, ಎಂಟು ವರ್ಷದ ಮಗಳು ಬರ್ತಾರೆ. ಒಟ್ಟು ಆರು ಜನ.

ಸಿಂಧನೂರಿನವ ಆಗಸ್ಟ್ ಮೊದಲ ವಾರದಲ್ಲೇ ಒಂದು ಎಕ್ಸೆಲ್ ಶೀಟ್ ಮಾಡಿ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಬೆಂಗಳೂರಿನಿಂದ ಬಾಡಿಗೆ ಕಾರು, ಎರಡು ರಾತ್ರಿ ಹೋಟೆಲ್, ಊಟ ತಿಂಡಿ, ಅದರ ಮೇಲೆ ದೊಡ್ಡವರಿಗೆಲ್ಲ ದಸರಾ ಗೋಲ್ಡ್ ಕಾರ್ಡ್. ಗೋಲ್ಡ್ ಕಾರ್ಡ್ ಅಂದರೆ ಅರಮನೆ ಆವರಣದಲ್ಲಿ ಕುರ್ಚಿ ಮೇಲೆ ಕೂತು ಜಂಬೂ ಸವಾರಿ ನೋಡೋದು, ಸಂಜೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡೋದು. ಆ ವರ್ಷ ಒಂದು ಕಾರ್ಡಿಗೆ 6,500 ರೂಪಾಯಿ. ಎಲ್ಲ ಕೂಡಿಸಿ ಭಾಗಿಸಿದರೆ ತಲೆಗೆ ಸುಮಾರು 12,000. "ಜೀವನದಾಗ ಒಮ್ಮೆ ಹೋಗೂದು, ಚೆಂದಾಗಿ ಹೋಗೂಣು" ಅಂತ ಕೆಳಗೆ ಬರೆದಿದ್ದ. ನಾನು ಹೆಬ್ಬೆಟ್ಟು ಒತ್ತಿದೆ. ಟೀಚರ್ "ಯಜಮಾನ್ರನ್ನ ಕೇಳಿ ಹೇಳ್ತೀನಿ" ಅಂದಳು. ಮಸ್ಕಿಯವನ ಹೆಸರಿನ ಮುಂದೆ ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

ಆ ವಾರವೇ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಕೊಂಡು ಹೋಯಿತು. ಆ ಸುದ್ದಿ ಬೆಂಗಳೂರಿನವರಿಗೆ ಒಂದು ವಿಡಿಯೊ. ನಮ್ಮ ಕಡೆಯವರಿಗೆ ಆ ನೊರೆ ನೀರಿನಲ್ಲಿ ಹರಿದು ಹೋಗ್ತಿದ್ದದ್ದು ಮುಂದಿನ ಬೆಳೆ. ಸಿಂಧನೂರಿನ ಭತ್ತ, ಅಲ್ಲಿನ ಮಿಲ್ಲು, ದಲಾಲಿ ಅಂಗಡಿ, ಗೊಬ್ಬರದ ಅಂಗಡಿ, ಚಿನ್ನದ ಅಂಗಡಿ ಎಲ್ಲದರ ತಾಯಿಬೇರು ಎಡದಂಡೆ ಕಾಲುವೆ. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿ ಕಂಡಿ ಮುಚ್ಚಿದರು. ಆಮೇಲೆ ಮಳೆ ಕೈ ಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಆದರೆ ಉಪಕಾಲುವೆಯ ಕೊನೆಯಲ್ಲಿ ಹೊಲ ಇರೋ ಮಸ್ಕಿಯವನಂಥವರಿಗೆ ಜಲಾಶಯ ತುಂಬಿದೆ ಅಂದಮಾತ್ರಕ್ಕೆ ನೀರು ಬಂತು ಅಂತಲ್ಲ. ಮೇಲಿನವರ ಹೊಲ ಕುಡಿದು ಉಳಿದದ್ದು ಕೊನೆಯವರಿಗೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಮಸ್ಕಿಯವ ಬಡವನಲ್ಲ. ಹಾಗಂದರೆ ಬೈಸಿಕೊಳ್ತೀನಿ. ಅವನಿಗೆ ಹೊಲ ಇದೆ, ಅದರ ಬೆಲೆ ನನ್ನ ಅಪಾರ್ಟ್‌ಮೆಂಟಿನ ಸಾಲ ಕಳೆದು ಉಳಿಯೋದಕ್ಕಿಂತ ಹೆಚ್ಚಿರಬಹುದು. ಆದರೆ ದಸರಾ ಬರೋದು ಅಕ್ಟೋಬರಿನಲ್ಲಿ. ಆಗ ಭತ್ತ ಇನ್ನೂ ಹೊಲದಲ್ಲೇ ಇರುತ್ತದೆ. ಬೀಜ, ಗೊಬ್ಬರ, ಔಷಧಿ, ನಾಟಿ ಕೂಲಿ ಅಂತ ಹೋಗೋ ರೊಕ್ಕವೆಲ್ಲ ಹೋಗಿ, ಬರೋ ರೊಕ್ಕ ಒಂದು ಪೈಸೆಯೂ ಬಾರದ ಹೊತ್ತು ಅದು. ಕೊಯ್ಲು ಆಗಿ ಮಾಲು ಮಾರಿ ಉದ್ರಿ ತೀರಿಸಿದ ಮೇಲೆ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಅದೇ ಮನುಷ್ಯ ನಮಗೆಲ್ಲ ಊಟ ಹಾಕಿಸಬಲ್ಲ. ನಮ್ಮಂಥ ಸಂಬಳದವರಿಗೆ 12,000 ಅಂದರೆ ಜನವರಿಯಲ್ಲೂ 12,000, ಅಕ್ಟೋಬರಿನಲ್ಲೂ 12,000. ಒಕ್ಕಲುತನದವನಿಗೆ ತಿಂಗಳು ಬದಲಾದರೆ ಅದೇ ನೋಟಿನ ತೂಕ ಬದಲಾಗುತ್ತದೆ.

ಸಮಪಾಲಿನ ಮೊದಲ ತೊಂದರೆ ಇದು. ಅದು ರೂಪಾಯಿಯನ್ನು ಸಮ ಮಾಡುತ್ತದೆ, ಭಾರವನ್ನಲ್ಲ. ಇದು ಹೊಸ ವಿಚಾರ ಏನಲ್ಲ. ತೆರಿಗೆಯಲ್ಲಿ ಇದನ್ನು ಒಪ್ಪಿಕೊಂಡು ಬಹಳ ಕಾಲವಾಯಿತು, ಅದಕ್ಕೇ ಸ್ಲ್ಯಾಬ್ ಇರೋದು. 2023ರ ಜೂನ್ 11ರಿಂದ ನಮ್ಮ ಸರ್ಕಾರಿ ಬಸ್ಸಿನಲ್ಲೂ ಒಪ್ಪಿಕೊಂಡಿದ್ದೇವೆ. ಶಕ್ತಿ ಯೋಜನೆ ಬಂದ ಮೇಲೆ ಲಿಂಗಸುಗೂರಿನಿಂದ ಸಿಂಧನೂರಿಗೆ ಕೆಂಪು ಬಸ್ಸಿನಲ್ಲಿ ಟೀಚರ್ ಬಂದರೆ ಟಿಕೆಟ್ ಸೊನ್ನೆ, ಅವಳ ಯಜಮಾನರು ಬಂದರೆ ಪೂರ್ತಿ. ಯಾವ ಬಸ್ಸೂ ಇದರಿಂದ ನಿಂತಿಲ್ಲ. ಸರ್ಕಾರದ ವಿಷಯದಲ್ಲಿ ಒಪ್ಪಿಕೊಳ್ಳೋ ನಾವು ದೋಸ್ತಿಯಲ್ಲಿ ಮಾತ್ರ ಭಾಗಾಕಾರಕ್ಕೆ ಅಂಟಿಕೊಳ್ತೀವಿ.

ಯಾಕೆ ಅಂತ ಯೋಚಿಸಿದರೆ, ನನ್ನ ಕೆಲಸದಿಂದಲೇ ಒಂದು ಉತ್ತರ ಸಿಗುತ್ತದೆ. ನಾವು ಸಾಫ್ಟ್‌ವೇರ್ ಬರೆಯುವಾಗ ಪ್ರತಿಯೊಂದಕ್ಕೂ ಒಂದು ಡಿಫಾಲ್ಟ್ ಇಡ್ತೀವಿ. ಬಳಸುವವರು ಏನನ್ನೂ ಆರಿಸದಿದ್ದರೆ ಅದೇ ನಡೆಯುತ್ತದೆ. ಬಹಳಷ್ಟು ಜನ ಅದನ್ನು ಬದಲಾಯಿಸೋದಿಲ್ಲ ಅಂತ ನಮಗೆ ಗೊತ್ತು. ಆದ್ದರಿಂದ ಡಿಫಾಲ್ಟ್ ಇಡೋನು ಸುಮ್ಮನೆ ಒಂದು ಸಂಖ್ಯೆ ಇಡ್ತಿಲ್ಲ, ಸಾವಿರಾರು ಜನರ ಪರವಾಗಿ ನಿರ್ಧಾರ ಮಾಡ್ತಿರ್ತಾನೆ. ಖರ್ಚು ಹಂಚೋ ಆ್ಯಪ್ ತೆರೆದು ನೋಡಿ. ಮೊದಲೇ ಆಯ್ಕೆಯಾಗಿ ಕೂತಿರೋದು ಸಮಪಾಲು. ಬೇರೆ ರೀತಿ ಹಂಚೋ ಅವಕಾಶವೂ ಇರುತ್ತದೆ, ಆದರೆ ಅದಕ್ಕೆ ಯಾರೋ ಒಬ್ಬರು ಬಾಯಿ ಬಿಟ್ಟು ಕೇಳಬೇಕು. ಕೇಳಬೇಕಾದವನು ಯಾವಾಗಲೂ ಯಾರ ಕೈಯಲ್ಲಿ ಕಡಿಮೆ ಇದೆಯೋ ಅವನೇ. ನಮ್ಮ ಎಕ್ಸೆಲ್ ಶೀಟಿನಲ್ಲೂ ಆಗಿದ್ದು ಅದೇ. 12,000 ಅನ್ನೋದು ಮೊದಲು ಬಂತು. ಅದಾದ ಮೇಲೆ ಯಾರು ಏನೇ ಹೇಳಿದರೂ ಅದು "ಕಡಿಮೆ ಮಾಡ್ರಿ" ಅನ್ನೋ ವಿನಂತಿ ಆಗುತ್ತದೆ. ವಿನಂತಿ ಮಾಡೋದಕ್ಕಿಂತ ಎರಡು ನೀಲಿ ಗೆರೆ ಸುಲಭ. ಆಮೇಲೆ "ಹೊಲದಾಗ ಕೆಲಸ ಐತಿ, ನೀವು ಹೋಗಿ ಬರ್ರಿ" ಅನ್ನೋದು ಇನ್ನೂ ಸುಲಭ. ಹೀಗೆ ಹೊರಗುಳಿದವರನ್ನು ನಾವು "ಅವ್ನಿಗೆ ಇಂಟ್ರೆಸ್ಟ್ ಇಲ್ಲ" ಅಂತ ಬರೆದುಕೊಂಡು ಮುಂದೆ ಹೋಗ್ತೀವಿ. ನಿಮ್ಮ ಯಾವ ಗುಂಪಿನಲ್ಲಿ ಯಾರು ಕಳೆದ ಮೂರು ಟ್ರಿಪ್ಪಿಗೆ ಬಂದಿಲ್ಲ ಅಂತ ಒಮ್ಮೆ ನೆನಪಿಸಿಕೊಳ್ಳಿ.

ಮೌನ ಹತ್ತು ದಿನ ದಾಟಿದಾಗ ಸಿಂಧನೂರಿನವ ನನಗೆ ಬೇರೆ ಫೋನ್ ಮಾಡಿ ಹೇಳಿದ: "ಅವನ್ದು ನಾವಿಬ್ರು ಅರ್ಧರ್ಧ ಹಾಕಿಬಿಡೂಣು. ಅವನಿಗೆ ಹೇಳೂದು ಬ್ಯಾಡ, ಹೋಟೆಲಿನಾಗ ಆಫರ್ ಇತ್ತು ಅಂತ ಅನ್ನೂಣು." ಇವನ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ಇದು ಸರಿ ಅನ್ನಿಸಲಿಲ್ಲ. ಯಾಕೆ ಅಂತ ಹೇಳೋದಕ್ಕೆ ಊರ ಜಾತ್ರೆಯ ಪಟ್ಟಿಯ ಬಗ್ಗೆ ಹೇಳಬೇಕು.

ಜಾತ್ರೆಗೆ ಮುಂಚೆ ಊರಿನ ಹಿರೇರು ಮನೆ ಮನೆಗೆ ಬಂದು ಪಟ್ಟಿ ಎತ್ತುತ್ತಿದ್ದರು. ಅಲ್ಲಿ ತಲೆ ಲೆಕ್ಕ ಇರಲಿಲ್ಲ. ನೀರಾವರಿ ಹೊಲ ಇದ್ದವರಿಗೆ ಇಷ್ಟು, ಮಳೆ ನಂಬಿದವರಿಗೆ ಇಷ್ಟು, ನೌಕರಿ ಇದ್ದವರಿಗೆ ಇಷ್ಟು. ರೊಕ್ಕ ಇಲ್ಲದವರು ಎರಡು ಸೇರು ಜೋಳ ಕೊಡ್ತಿದ್ದರು. ಅದೂ ಇಲ್ಲದವರು ಒಂದು ದಿನ ಹಂದರ ಹಾಕೋಕೆ, ಕಟ್ಟಿಗೆ ಒಡೆಯೋಕೆ ಬರ್ತಿದ್ದರು. ಎಲ್ಲರ ಹೆಸರೂ ಆ ಹಳೇ ನೋಟ್‌ಬುಕ್ಕಿನಲ್ಲಿ ಇರ್ತಿತ್ತು. ಜಾತ್ರೆ ದಿನ ಪ್ರಸಾದಕ್ಕೆ ಕೂತಾಗ ಎರಡು ಸೇರು ಜೋಳದವನೂ "ಸಾರಿಗೆ ಉಪ್ಪು ಕಡಿಮಿ ಆಗೇತಿ ನೋಡ್ರಿ" ಅಂತ ಜೋರಾಗಿ ಹೇಳ್ತಿದ್ದ. ಹೇಳೋ ಹಕ್ಕು ಅವನಿಗಿತ್ತು, ಅವನ ಪಾಲು ಅದರಲ್ಲಿತ್ತು.

ಇದನ್ನು ಹೇಳಿ "ಹಳ್ಳಿ ಎಷ್ಟು ಚೆಂದ" ಅಂತ ನಿಲ್ಲಿಸಿದರೆ ಅದು ಅರ್ಧ ಸತ್ಯ. ಪಟ್ಟಿ ಎತ್ತೋರು ಕೆಲವು ಓಣಿಗಳಿಗೆ ಹೋಗ್ತಲೇ ಇರಲಿಲ್ಲ. "ಅವ್ರ ಹತ್ರ ಏನ್ ಕೇಳೂದು ಬಿಡ್ರಿ" ಅಂತ ಕರುಣೆಯ ಧ್ವನಿಯಲ್ಲೇ ಹೇಳಿ ಮುಂದೆ ಹೋಗ್ತಿದ್ದರು. ಕೇಳದೆ ಬಿಟ್ಟದ್ದು ರಿಯಾಯಿತಿ ಆಗಿರಲಿಲ್ಲ. ಪಟ್ಟಿ ಕೊಡದವರಿಗೆ ತೇರಿನ ಹಗ್ಗ ಹಿಡಿಯೋ ಹಕ್ಕಿಲ್ಲ, ಪಂಕ್ತಿಯಲ್ಲಿ ಜಾಗ ಇಲ್ಲ, ಉಪ್ಪು ಕಡಿಮೆ ಅನ್ನೋ ಬಾಯಿ ಇಲ್ಲ. ಅವರ ಹೆಸರು ನೋಟ್‌ಬುಕ್ಕಿನಲ್ಲಿ ಬರಬಾರದು ಅನ್ನೋದಕ್ಕೇ ಅವರನ್ನು ಕೇಳ್ತಿರಲಿಲ್ಲ. ಜಾತಿಯ ಗೋಡೆಯನ್ನು ಕರುಣೆಯ ಸುಣ್ಣ ಬಳಿದು ಮುಚ್ಚಿದ್ದರು. ಈಗ ಬಹಳ ಊರುಗಳಲ್ಲಿ ಇದು ಬದಲಾಗಿದೆ. ಬದಲಾಗುವಾಗ ಜನ ಮೊದಲು ಕೇಳಿದ್ದು "ನಮ್ಮ ಪಟ್ಟಿಯನ್ನೂ ತಗೊಳ್ರಿ" ಅಂತ. ಊಟ ಕೇಳಲಿಲ್ಲ, ಕೊಡೋ ಹಕ್ಕು ಕೇಳಿದರು.

ಒಬ್ಬನ ಪಾಲನ್ನು ಅವನಿಗೆ ಹೇಳದೆ ನಾವೇ ಕೊಟ್ಟುಬಿಡೋದರ ತೊಂದರೆ ಇದರಿಂದ ಗೊತ್ತಾಗುತ್ತದೆ. ಅವನು ನಮ್ಮ ಜೊತೆ ಬರ್ತಾನೆ, ಆದರೆ ಅತಿಥಿಯಾಗಿ ಬರ್ತಾನೆ. ಅತಿಥಿ ಹೋಟೆಲಿನ ಬಗ್ಗೆ ದೂರಲಾರ. "ಇವತ್ತು ಬ್ಯಾಡ, ನಾಳೆ ಹೋಗೂಣು" ಅನ್ನಲಾರ. ಜಗಳ ಮಾಡಲಾರ. ಜಗಳ ಮಾಡೋಕೆ ಬಾರದವನು ದೋಸ್ತ್ ಹೇಗಾಗ್ತಾನೆ? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಗ್ರಂಥದ ಎರಡು ಅಧ್ಯಾಯಗಳನ್ನು ಪೂರ್ತಿ ಗೆಳೆತನಕ್ಕೇ ಮೀಸಲಿಟ್ಟ. ಅಸಮಾನರ ನಡುವಿನ ಗೆಳೆತನ ಹೇಗೆ ಉಳಿಯುತ್ತದೆ ಅನ್ನೋದೂ ಅದರಲ್ಲಿ ಬರುತ್ತದೆ. ಎರಡು ಸಾವಿರ ವರ್ಷ ಕಳೆದರೂ ಈ ಗಂಟು ಹಾಗೇ ಇದೆ. ಅದರ ಮೇಲೆ ಸಿಂಧನೂರಿನವನ ಐಡಿಯಾದಲ್ಲಿ ಒಂದು ಸುಳ್ಳೂ ಇತ್ತು. ಸುಳ್ಳು ಹೇಳಿ ಮಾಡೋ ಉಪಕಾರದಲ್ಲಿ, "ಇವನಿಗೆ ಸತ್ಯ ತಡೆಯೋ ಶಕ್ತಿ ಇಲ್ಲ" ಅಂತ ನಾವು ಮೊದಲೇ ತೀರ್ಪು ಕೊಟ್ಟಿರ್ತೀವಿ.

"ಈಗ ನಾವು ಕೊಡೂಣು, ಜನವರಿಗೆ ಅವ ಕೊಡ್ತಾನ" ಅಂತಲೂ ಹೇಳಬಹುದು. ದೋಸ್ತಿಯಲ್ಲಿ ಕೊಟ್ಟು ತಗೊಳ್ಳೋದು ನಡೆದೇ ಇರುತ್ತದೆ, ಚಹಾದ ಬಿಲ್ಲಿಗೆ ಇದು ಸರಿ. ಆದರೆ ಬೆಳೆಯ ಮೇಲೆ ಬದುಕೋ ಮನುಷ್ಯನಿಗೆ ಜನವರಿ ಅನ್ನೋದು ಖಾತ್ರಿ ಇರೋ ತಿಂಗಳಲ್ಲ. ಗೊಬ್ಬರದ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹೆಸರಿದ್ದದ್ದು ಸಾಲದು ಅಂತ ದೋಸ್ತರ ಹತ್ತಿರವೂ ಒಂದು ಪುಟ ಯಾಕೆ ತೆರೆಯಬೇಕು?

ಕೊನೆಗೆ ಉತ್ತರ ಅವನಿಂದಲೇ ಬಂತು. ಫೋನಿನಲ್ಲಿ ಸುತ್ತಿ ಬಳಸಿ ಮಾತಾಡೋ ಬದಲು ನಾನು ನೇರ ಕೇಳಿದೆ, "ನಿನಗ ಎಷ್ಟು ಹಾಕಾಕ ಆಗ್ತದ?" ಅಂತ. ಅವನು ಅಷ್ಟೇ ನೇರ ಹೇಳಿದ: "ಎರಡು ಸಾವಿರ. ಅದಕ್ಕಿಂತ ಮ್ಯಾಲ ಈಗ ಆಗಂಗಿಲ್ಲ. ನೀವು ಹನ್ನೆರಡು ಸಾವಿರದ ದಸರಾ ಹುಡುಕೀರಿ. ಎರಡು ಸಾವಿರದ ದಸರಾ ಯಾವುದೈತಿ ಹೇಳ್ರಿ, ನಾ ಬರ್ತೀನಿ."

ಈ ಮಾತು ನಮ್ಮ ಲೆಕ್ಕವನ್ನು ತಲೆಕೆಳಗು ಮಾಡಿತು. ನಾವು ಮೊದಲು ಪ್ಲಾನ್ ಮಾಡಿ ಆಮೇಲೆ ಪಾಲು ತೆಗೆದಿದ್ದೆವು. ಅವನು ಮೊದಲು ಪಾಲು ಹೇಳಿ, ಆಮೇಲೆ ಪ್ಲಾನ್ ಮಾಡ್ರಿ ಅಂದ. ಗಣಿತ ಅದೇ, ದಿಕ್ಕು ಬೇರೆ.

ಹುಡುಕಿದೆವು. ಹುಡುಕಿದರೆ ಮೈಸೂರು ದಸರಾದಲ್ಲಿ ದುಡ್ಡು ಕೊಟ್ಟು ನೋಡಬೇಕಾದ್ದಕ್ಕಿಂತ ಪುಕ್ಕಟೆ ನೋಡೋದೇ ಜಾಸ್ತಿ ಅಂತ ಗೊತ್ತಾಯಿತು. ಸುಮಾರು ಒಂದು ಲಕ್ಷ ಬಲ್ಬುಗಳ ಅರಮನೆ ಹೊರಗೆ ನಿಂತವನಿಗೂ ಅಷ್ಟೇ ಹೊಳೆಯುತ್ತದೆ. ಊರ ತುಂಬ ದೀಪ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋಕೆ ಟಿಕೆಟ್ ಇಲ್ಲ. ಜಂಬೂ ಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡೆಯುತ್ತದೆ. ಆ ಐದು ಕಿಲೋಮೀಟರಿನ ಎರಡೂ ಬದಿ ಬೆಳಿಗ್ಗೆಯಿಂದಲೇ ಜಾಗ ಹಿಡಿದು ಕೂತವರು ಲಕ್ಷಗಟ್ಟಲೆ. 750 ಕಿಲೋ ತೂಕದ ಅಂಬಾರಿ ಹೊತ್ತು ಬರೋ ಅಭಿಮನ್ಯು ಗೋಲ್ಡ್ ಕಾರ್ಡಿನವರ ಮುಂದೆ ಒಂದು ನಡಿಗೆ, ರಸ್ತೆಯವರ ಮುಂದೆ ಇನ್ನೊಂದು ನಡಿಗೆ ನಡೆಯೋದಿಲ್ಲ. ಸಿಂಧನೂರಿಗೆ 2024ರಲ್ಲೇ ರೈಲು ಬಂದಿತ್ತು, ಯಶವಂತಪುರಕ್ಕೆ ರಾತ್ರಿ ಗಾಡಿ ಇತ್ತು. ಬಾಡಿಗೆ ಕಾರನ್ನು ಶೀಟಿನಿಂದ ತೆಗೆದೆವು. ಗೋಲ್ಡ್ ಕಾರ್ಡ್ ತೆಗೆದೆವು. ಶೀಟು ಒಮ್ಮೆಲೇ ಹಗುರಾಯಿತು.

ಸಿಂಧನೂರಿನವನಿಗೆ ಕುರ್ಚಿ ತಪ್ಪಿದ್ದು ಬೇಜಾರು. ಆದರೂ ಅವನೇ ಒಂದು ಮಾತು ಹೇಳಿ ನಗಿಸಿದ: "ನಮ್ಮ ಹೊಳಿ ದಂಡಿಮ್ಯಾಲಿನ ಹಬ್ಬ ಮೈಸೂರಿಗೆ ಒಯ್ದು, ಈಗ ನಮಗ ಟಿಕೆಟ್ ಮಾರ್ತಾರ ನೋಡು." ಅದರಲ್ಲಿ ಇತಿಹಾಸವೂ ಇದೆ. ದಸರಾದ ಮೂಲ ವಿಜಯನಗರದ ಮಹಾನವಮಿ, ಅದು ನಡೆದದ್ದು ತುಂಗಭದ್ರೆಯ ದಂಡೆಯ ಹಂಪಿಯಲ್ಲಿ. ಮಹಾನವಮಿ ದಿಬ್ಬ ಇನ್ನೂ ಅಲ್ಲೇ ಇದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆ ಸಂಪ್ರದಾಯವನ್ನು ಮುಂದುವರಿಸಿದರು. ಆಮೇಲೆ ಅದು ಮೈಸೂರಿಗೆ ಬಂತು. ಕುರ್ಚಿಯ ಭೇದ ಕೂಡ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಬ್ಬರೂ ಮಹಾನವಮಿಯ ವೈಭವ ಬರೆದಿದ್ದಾರೆ. ಮಂಟಪಗಳು ಇದ್ದವು, ಯಾರು ಎಲ್ಲಿ ಕೂರಬೇಕು ಅನ್ನೋದೂ ಇತ್ತು. ಆದರೆ ಅದು ರಾಜನ ಹಬ್ಬ. ಈಗಿನದು ನಾಡಹಬ್ಬ. ಅಂಬಾರಿಯ ಮೇಲೆ ರಾಜ ಕೂರೋ ಕಾಲ ಹೋಗಿ ಚಾಮುಂಡೇಶ್ವರಿ ಕೂರೋ ಕಾಲ ಬಂದು ಐವತ್ತು ವರ್ಷ ದಾಟಿದೆ. ಖರ್ಚು ನಮ್ಮ ನಿಮ್ಮ ತೆರಿಗೆಯದು. ನಾಡಿನ ಪಟ್ಟಿಯಿಂದ ನಡೆಯೋ ಹಬ್ಬದಲ್ಲಿ ಕುರ್ಚಿಗೆ ಬೆಲೆ ಕಟ್ಟೋದು ಸರಿಯಾ? ಖರ್ಚಿಗೆ ಒಂದಿಷ್ಟು ದುಡ್ಡು ಬರುತ್ತದೆ, ದೂರದ ಪ್ರವಾಸಿಗರಿಗೆ ಅನುಕೂಲ ಆಗುತ್ತದೆ, ಅದನ್ನು ಅಲ್ಲಗಳೆಯೋದಿಲ್ಲ. ರಸ್ತೆ ಬದಿ ಪುಕ್ಕಟೆ ಉಳಿಯುವವರೆಗೂ ನನಗೆ ದೊಡ್ಡ ತಕರಾರಿಲ್ಲ. ಕುರ್ಚಿಗಳು ಹೆಚ್ಚಾಗುತ್ತಾ ರಸ್ತೆ ಬದಿ ಚಿಕ್ಕದಾಗತೊಡಗಿದರೆ ಮಾತ್ರ ಅದು ನಾಡಹಬ್ಬ ಆಗಿ ಉಳಿಯೋದಿಲ್ಲ.

ಈ ಮಾತಿಗೆ ಮಸ್ಕಿಯಲ್ಲೇ ಒಂದು ಸಾಕ್ಷಿ ಇದೆ. 1915ರಲ್ಲಿ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಈ ಭಾಗದಲ್ಲಿ ಚಿನ್ನ ಹುಡುಕುವಾಗ ಬಂಡೆಯ ಮೇಲಿನ ಬರಹ ಕಂಡ. ದೇವಾನಾಂಪ್ರಿಯ ಅನ್ನೋ ಬಿರುದಿನ ಜೊತೆ ಅಶೋಕ ಅನ್ನೋ ಹೆಸರು ಮೊದಲು ಓದಲು ಸಿಕ್ಕಿದ್ದು ಆ ಶಾಸನದಲ್ಲಿ. ಶಾಲೆಯಲ್ಲಿ ನಾವೆಲ್ಲ ಇಷ್ಟನ್ನು ಉರು ಹೊಡೆದಿದ್ದೇವೆ. ಶಾಸನ ಏನು ಹೇಳುತ್ತದೆ ಅನ್ನೋದನ್ನು ಮಾತ್ರ ಯಾರೂ ಕೇಳೋದಿಲ್ಲ. ಅದರ ತಾತ್ಪರ್ಯ ಇಷ್ಟು: ಧರ್ಮದ ದಾರಿಯಲ್ಲಿ ಸಿಗೋದು ದೊಡ್ಡವರಿಗೆ ಮಾತ್ರ ಸಿಗುತ್ತದೆ ಅಂದುಕೊಳ್ಳಬೇಡಿ, ಶ್ರಮ ಪಟ್ಟರೆ ಚಿಕ್ಕವರಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ಹೇಳಬೇಕು. ಚಿಕ್ಕವರಿಗೆ ಹೇಳಿದರೆ ಸಾಲದೇ, ದೊಡ್ಡವರಿಗೂ ಯಾಕೆ ಹೇಳಬೇಕು ಅಂತ ನಾನು ಯೋಚಿಸಿದ್ದುಂಟು. ಮರೆಯೋರು ಅವರೇ ಅಂತ ಇರಬೇಕು.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಸೂತ್ರ ಸುಲಭ ಇತ್ತು: ಯಾರ ಹತ್ತಿರ ಕಡಿಮೆ ಇದೆಯೋ ಅವರ ಅಳತೆಗೆ ಪ್ಲಾನ್ ಕತ್ತರಿಸಿ. ಆದರೆ ಟೀಚರ್ ಅಡ್ಡ ಬಂದಳು. "ನೀವು ಗಂಡಸ್ರು ರೈಲ್ವೆ ಸ್ಟೇಷನ್ನಾಗ ಟವೆಲ್ ಹಾಸಿ ಮಲಗ್ತೀರಿ. ನನಗ ಬಾಗಿಲಿಗೆ ಗಟ್ಟಿ ಚಿಲಕ ಇರೂ ಕೋಣಿ ಬೇಕು, ಚೊಕ್ಕ ಬಾತ್‌ರೂಮ್ ಬೇಕು. ಹುಡುಗಿನ್ನ ಕರ್ಕೊಂಡು ಮುಂಜಾನಿಂದ ಸಂಜಿತನ ರಸ್ತಾದಾಗ ನಿಂದ್ರಾಕ ಆಗಂಗಿಲ್ಲ. ಇದು ಶೋಕಿ ಅಲ್ಲಪಾ."

ಶೋಕಿ ಅಲ್ಲ, ನಿಜ. ಅವಳ ಹತ್ತಿರ ರೊಕ್ಕಕ್ಕೆ ತೊಂದರೆ ಇರಲಿಲ್ಲ. ಅವಳಿಗೆ ಕಡಿಮೆ ಇದ್ದದ್ದು ಬೇರೆ. ಪರ ಊರಿನಲ್ಲಿ ನಿಶ್ಚಿಂತೆಯಿಂದ ಮಲಗೋದು, ಹಬ್ಬದ ಗದ್ದಲದಲ್ಲಿ ಮಗಳ ಕೈ ಬಿಡದೆ ನಡೆಯೋದು, ಊರಿಗೆ ಬಂದ ಮೇಲೆ ಮನೆಯಲ್ಲಿ ಯಾರೂ ಒಂದು ಮಾತು ಆಡದಂತೆ ಹೋಗಿ ಬರೋದು. ನಾವು ಅಗ್ಗ ಅಂತ ಆರಿಸಿದ್ದರಲ್ಲಿ ಇದು ಯಾವುದೂ ಇರಲಿಲ್ಲ. ಮಸ್ಕಿಯವನ ಎರಡು ಸಾವಿರಕ್ಕೆ ಪ್ಲಾನ್ ಇಳಿಸಿದರೆ ಟೀಚರ್ ಹೊರಗೆ. ಟೀಚರಿಗೆ ಬೇಕಾದ ಕೋಣೆ ಹಾಕಿ ಸಮಪಾಲು ಮಾಡಿದರೆ ಮಸ್ಕಿಯವ ಹೊರಗೆ. "ನನ್ನ ಕೋಣಿ ಖರ್ಚು ನಾನೇ ಕೊಡ್ತೀನಿ" ಅಂತ ಅವಳು ಹೇಳಿದಳು. ಹಾಗಾದರೆ ಅವಳು ಹೆಣ್ಣಾಗಿದ್ದಕ್ಕೆ ದಂಡ ಕಟ್ಟಿದ ಹಾಗಾಯಿತು.

ಮೂರು ದಿನ ವಾದ ನಡೆಯಿತು. ಕೊನೆಗೆ ಒಂದು ನಿಯಮಕ್ಕೆ ಬಂದೆವು. ಬರೆದುಕೊಳ್ಳೋದಕ್ಕೆ ಸರಳವಾಗಿದೆ: ಯಾವುದು ಇಲ್ಲದಿದ್ದರೆ ಒಬ್ಬರು ಬರೋದಕ್ಕೇ ಆಗೋದಿಲ್ಲವೋ ಅದು ಎಲ್ಲರ ಖರ್ಚು. ಯಾವುದು ಇದ್ದರೆ ಒಬ್ಬರಿಗೆ ಇನ್ನೂ ಚೆಂದವೋ ಅದು ಅವರವರ ಖರ್ಚು. ಗಟ್ಟಿ ಚಿಲಕದ ಕೋಣೆ ಮೊದಲನೆಯದು. ಗೋಲ್ಡ್ ಕಾರ್ಡ್ ಎರಡನೆಯದು. ಎಲ್ಲರ ಖರ್ಚಿಗೆ ಯಾರು ಎಷ್ಟು ಅನ್ನೋದನ್ನು ಭಾಗಾಕಾರ ಹೇಳೋದಿಲ್ಲ, ಪ್ರತಿಯೊಬ್ಬರೂ ತಾವೇ ಹೇಳಬೇಕು. ಹೇಳಿದ ಮೇಲೆ ಇನ್ನೊಬ್ಬರು ಅದರ ಬಗ್ಗೆ ಮಾತಾಡಬಾರದು. ಎಲ್ಲರೂ ಹೇಳಿದ್ದನ್ನು ಕೂಡಿಸಿದರೆ ಎಷ್ಟು ಬರುತ್ತದೋ ಅಷ್ಟೇ ದೊಡ್ಡದು ದಸರಾ. ಮಸ್ಕಿಯವ ಎರಡು ಸಾವಿರವೇ ಕೊಟ್ಟ, ಉಳಿದ ನಾವು ಹೆಚ್ಚು ಕೊಟ್ಟೆವು. ಹೋಟೆಲ್ ಬದಲು ಎರಡು ಸಾದಾ ಕೋಣೆ ಆಯಿತು, ಒಂದು ಟೀಚರ್ ಮನೆಯವರಿಗೆ, ಒಂದು ನಮಗೆ.

"ಇದು ಅವನ ಪಾಲು ನಾವು ಕೊಟ್ಟಂಗೇ ಆತಲ್ಲ, ಫರಕ್ ಏನು?" ಅಂತ ಸಿಂಧನೂರಿನವ ಕೇಳಿದ. ನ್ಯಾಯವಾದ ಪ್ರಶ್ನೆ. ಫರಕ್ ಇದೆ ಅಂತ ನನಗನಿಸುತ್ತದೆ. ಒಂದು, ಇದು ಒಬ್ಬನ ಮೇಲಿನ ದಯೆಯಲ್ಲ, ಎಲ್ಲರೂ ಮೊದಲೇ ಕೂತು ಒಪ್ಪಿದ ನಿಯಮ. ಅದೇ ನಿಯಮದಿಂದ ಟೀಚರಿಗೂ ಅನುಕೂಲ ಆಯಿತು, ಆ ಅನುಕೂಲಕ್ಕೆ ಮಸ್ಕಿಯವನ ರೊಕ್ಕವೂ ಸೇರಿತ್ತು. ಎರಡು, ಅವನು ಎಲ್ಲರ ಮುಂದೆ ತನ್ನ ಪಾಲು ಹಾಕಿದ್ದಾನೆ. ಅವನಿಗೆ ಉಪ್ಪು ಕಡಿಮೆ ಅನ್ನೋ ಹಕ್ಕಿದೆ. ಅಂದ ಹಾಗೆ ಆ ಹಕ್ಕನ್ನು ಮೈಸೂರಿನಲ್ಲಿ ಅವನು ಧಾರಾಳವಾಗಿ ಬಳಸಿದ, ಅದರಲ್ಲೂ ಸಾಂಬಾರಿನ ಬೆಲ್ಲದ ವಿಷಯದಲ್ಲಿ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹಗಲು ರಾತ್ರಿ ದುಡಿದವನು ಒಂದು ದಿನ ಕುರ್ಚಿ ಮೇಲೆ ಕೂತು ಹಬ್ಬ ನೋಡೋಣ ಅಂದರೆ ಅದು ತಪ್ಪಾ? ಯಾರ ಹತ್ತಿರವೋ ಇಲ್ಲ ಅಂತ ಇದ್ದವನು ಯಾಕೆ ಬಿಸಿಲಿನಲ್ಲಿ ನಿಲ್ಲಬೇಕು? ತಪ್ಪಲ್ಲ. ಅವನು ತನ್ನ ಹೆಂಡತಿ ಮಕ್ಕಳ ಜೊತೆ ಇನ್ನೊಂದು ವರ್ಷ ಗೋಲ್ಡ್ ಕಾರ್ಡ್ ತಗೊಂಡು ಹೋಗಲಿ, ನಾನೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ ಕೊಡ್ತೀನಿ. ಆದರೆ "ದೋಸ್ತರ ಜೊತೆ ಹೋದೆ" ಅಂತ ಹೇಳಿಕೊಳ್ಳಬೇಕಾದರೆ "ಜೊತೆ" ಅನ್ನೋ ಆ ಪದಕ್ಕೂ ಒಂದು ಬೆಲೆ ಇದೆ. ಅದನ್ನು ರೂಪಾಯಿಯಲ್ಲಿ ಕೊಡೋಕೆ ಬರೋದಿಲ್ಲ. ಕುರ್ಚಿ ಬಿಟ್ಟು ಕೊಡೋದೇ ಅದರ ಬೆಲೆ. ಎರಡೂ ಬೇಕು ಅಂದರೆ, ಜೊತೆಗೆ ಬರಲಾರದವರನ್ನು ಬಿಟ್ಟು ಉಳಿದವರನ್ನೇ "ದೋಸ್ತರು" ಅಂತ ಕರೆಯಬೇಕಾಗುತ್ತದೆ. ನಗರದಲ್ಲಿ ನಮ್ಮ ಗುಂಪುಗಳು ಹೀಗೇ ಸೋಸಿ ಸೋಸಿ, ಒಂದೇ ಸಂಬಳದವರು ಮಾತ್ರ ಉಳಿಯೋ ಹಾಗಾಗಿವೆ. ಯಾರೂ ಯಾರನ್ನೂ ಹೊರಗೆ ಹಾಕಿಲ್ಲ. ಪಟ್ಟಿಯೇ ಆ ಕೆಲಸ ಮಾಡಿದೆ.

ಇದನ್ನು ಓದ್ತಿರೋ ಬಹಳಷ್ಟು ಜನರ ವಾರದಲ್ಲಿ ಇಂಥ ಪಟ್ಟಿ ಒಂದಾದರೂ ಇರುತ್ತದೆ. ಟೀಮ್ ಲಂಚ್, ಗೋವಾ ಟ್ರಿಪ್, ಮದುವ್ಯಾಗೋ ಗೆಳತಿಗೆ ಉಡುಗೊರೆ. ನಿನ್ನೆ ಮೊನ್ನೆ ಸೇರಿದ ಹುಡುಗ ಎಜುಕೇಷನ್ ಲೋನಿನ ಕಂತು ಕಟ್ಟಿ, ಊರಿಗೆ ರೊಕ್ಕ ಕಳಿಸಿ, ಉಳಿದದ್ದರಲ್ಲಿ ಪಿಜಿ ಬಾಡಿಗೆ ಕೊಡ್ತಿರ್ತಾನೆ. ಅವನ ಫೋನಿಗೂ ಮ್ಯಾನೇಜರಿನ ಫೋನಿಗೂ ಅದೇ ಯುಪಿಐ ರಿಕ್ವೆಸ್ಟು, ಅದೇ ಮೊತ್ತ. ಅವನು ಕಟ್ಟುತ್ತಾನೆ, ಯಾಕಂದರೆ ಕಟ್ಟದಿದ್ದರೆ ಎಲ್ಲರಿಗೂ ಗೊತ್ತಾಗುತ್ತದೆ. ದೇವಸ್ಥಾನದ ಹುಂಡಿಗೆ ಇದ್ದ ಒಂದು ಒಳ್ಳೆ ಗುಣ ನಮ್ಮ ಆ್ಯಪ್‌ಗಳಿಗೆ ಇಲ್ಲ. ಯಾರು ಎಷ್ಟು ಹಾಕಿದರು ಅಂತ ಹುಂಡಿ ಕೂಗಿ ಹೇಳ್ತಿರಲಿಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ. ಪ್ಲಾನ್ ಹಾಕೋ ಮುಂಚೆ ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳೋದು: ನಿನಗೆ ಎಷ್ಟು ಆಗ್ತದೆ, ನಿನಗೆ ಏನಿಲ್ಲದಿದ್ದರೆ ಬರೋಕೆ ಆಗೋದಿಲ್ಲ? ಇದನ್ನು ಯಾರ ಹತ್ತಿರ ಹೆಚ್ಚಿದೆಯೋ ಅವರು ಕೇಳಬೇಕು. ಕಡಿಮೆ ಇರೋನು ಬಾಯಿ ಬಿಡಲಿ ಅಂತ ಕಾಯಬಾರದು.

ಒಂದು ಪ್ರಶ್ನೆ ಮಾತ್ರ ನನಗಿನ್ನೂ ಬಗೆಹರಿದಿಲ್ಲ. ಮಸ್ಕಿಯವ ಎರಡು ಸಾವಿರ ಅಂದ. ಸೊನ್ನೆ ಅಂದಿದ್ದರೆ? ಸೊನ್ನೆ ರೂಪಾಯಿಯ ದಸರಾ ಕೂಡ ಇದೆ. ಅದು ನಮ್ಮೂರಿನಲ್ಲೇ ಇದೆ. ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಹೋಗಿ, ಹಿರಿಯರ ಕೈಗೆ ಕೊಟ್ಟು ಕಾಲಿಗೆ ಬಿದ್ದು, ಬನ್ನಿ ತಗೊಂಡು ಬಂಗಾರದಂಗ ಇರೂಣು ಅನ್ನೋದು. ಆ ಎಲೆಗೆ ನಾವು ಬಂಗಾರ ಅಂತೀವಿ. ಅದನ್ನು ಯಾರೂ ಮಾರೋದಿಲ್ಲ. ಗೌಡರ ಕೈಯಲ್ಲೂ ಅದೇ ಎಲೆ, ಕೂಲಿಯವರ ಕೈಯಲ್ಲೂ ಅದೇ ಎಲೆ. ಮೈಸೂರಿನ ಅಂಬಾರಿ ಅಷ್ಟು ದೂರ ನಡೆದು ಮುಟ್ಟೋದೂ ಬನ್ನಿಮಂಟಪವನ್ನೇ. ಅವನು ಸೊನ್ನೆ ಅಂದಿದ್ದರೆ, ಟಿಕೆಟ್ ಕ್ಯಾನ್ಸಲ್ ಮಾಡಿ ಮೂರೂ ಜನ ಮಸ್ಕಿಗೆ ಹೋಗಿ ಅವನ ಮನೆ ಕಟ್ಟೆ ಮೇಲೆ ಕೂತು ಬನ್ನಿ ಕೊಡೋವಷ್ಟು ದೋಸ್ತಿ ನಮ್ಮಲ್ಲಿತ್ತಾ? ಇತ್ತು ಅಂತ ಹೇಳೋಕೆ ಇಷ್ಟ. ಖಾತ್ರಿಯಾಗಿ ಹೇಳೋಕೆ ಅಂಥ ಒಂದು ದಸರಾ ಬರಬೇಕು.